ಕ್ಯಾನ್ ಓನ್ಲಿ, ಹಾರ್ಡ್ಲಿ, ಬೇರ್ಲಿ: ‘ಇಷ್ಟೇ ಆಗೋದು’ ಅಂತ ಇಂಗ್ಲಿಷಿನವರು ಹೇಗೆ ಹೇಳುತ್ತಾರೆ?

ತೊಗರಿ_ಕಣಜ (ಕಲಬುರಗಿ)
ಮಗಳು ಹತ್ತನೇ ಕ್ಲಾಸು. ಇಂಗ್ಲಿಷ್ ಟೆಸ್ಟ್‌ನಲ್ಲಿ "ಐ ಕ್ಯಾನ್ ಓನ್ಲಿ ಸ್ಟೇ ಫಾರ್ ಎನ್ ಅವರ್" ಅಂತ ಬರೆದಿದ್ದಳು. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಓನ್ಲಿಗೆ ಸುತ್ತು ಹಾಕಿ, ಅಲ್ಲಿಂದ ಬಾಣ ಎಳೆದು, "ಸ್ಟೇ ಓನ್ಲಿ ಫಾರ್ ಎನ್ ಅವರ್" ಆಗಬೇಕು ಅಂತ ಬರೆದಿದ್ದಾರೆ. ಒಂದು ಮಾರ್ಕ್ಸ್ ಕಟ್. ಕೇಳಿದ್ದಕ್ಕೆ, "ನೀನು ಬರೆದಿದ್ದು ನಾನು ಸುಮ್ನೆ ಇರಬಲ್ಲೆ, ಬೇರೇನೂ ಮಾಡಲಾರೆ ಅಂತಾಗುತ್ತದೆ" ಅಂದರಂತೆ.

ಆದರೆ ಕ್ರಿಕೆಟ್ ಕಾಮೆಂಟ್ರಿ ಕೇಳಿದರೆ, ಬಿಬಿಸಿ ಹಾಕಿದರೆ, ಎಲ್ಲಾ ಕಡೆ "ಕ್ಯಾನ್ ಓನ್ಲಿ" ಅಂತಲೇ ಕೇಳಿಸುತ್ತದೆ. ಅವರ ಭಾಷೆ ಅವರಿಗೇ ಬರೋದಿಲ್ಲವಾ?

ಇನ್ನೊಂದು. ನಾನು ದಾಲ್ ಮಿಲ್‌ನಲ್ಲಿ ಲೆಕ್ಕ ನೋಡುವವನು. ಹೊರಗಿನ ಪಾರ್ಟಿಗಳಿಗೆ ಇಂಗ್ಲಿಷ್‌ನಲ್ಲಿ ಮೇಲ್ ಹಾಕಬೇಕು. ಇಷ್ಟು ಟನ್ ಮಾತ್ರ ಆಗುತ್ತದೆ, ಕಷ್ಟದಲ್ಲಿ ಆಗುತ್ತದೆ, ಹೆಚ್ಚುಕಡಿಮೆ ಆಗೋದೇ ಇಲ್ಲ. ಈ ಮೂರಕ್ಕೂ ಬೇರೆ ಬೇರೆ ಮಾತಿದೆಯಾ? ತಿಳಿದವರು ಉದಾಹರಣೆ ಕೊಟ್ಟು ಹೇಳಿ. ಬರೀ ರೂಲ್ ಬೇಡ.

ಬಿಸಿಲೂರು_ಬಸವ
ಒಂದು ಮಾರ್ಕ್ಸಿಗೆ ಇಷ್ಟು ಉದ್ದ ಪೋಸ್ಟಾ? ನಮ್ಮ ಕಾಲದಲ್ಲಿ ಪಾಸಾದರೆ ಓಣಿಗೆಲ್ಲ ಪೇಢೆ ಹಂಚುತ್ತಿದ್ದರು.

ಬೀದರ್_ಬುರುಜು
ನಾನೂ ಇಂಗ್ಲಿಷ್ ಕಲಿಸುವವನೇ. ಆ ಮೇಷ್ಟ್ರ ಪರ ಒಂದು ಮಾತು ಹೇಳುತ್ತೇನೆ. ಬರವಣಿಗೆಯಲ್ಲಿ ಓನ್ಲಿ ಜಾಗ ಬಿಟ್ಟರೆ ಗೋಜಲು ಆಗೋದು ಖರೇ.

"ದಿ ಬಸ್ ಸ್ಟಾಪ್ಸ್ ಅಟ್ ಹುಮನಾಬಾದ್ ಆನ್ ಸಂಡೇಸ್" ಅಂತ ಇಟ್ಟುಕೊಳ್ಳಿ. "ಓನ್ಲಿ ದಿ ಬಸ್" ಅಂದರೆ ಜೀಪು, ಟಂಟಂ ನಿಲ್ಲೋದಿಲ್ಲ. "ಓನ್ಲಿ ಅಟ್ ಹುಮನಾಬಾದ್" ಅಂದರೆ ಬೇರೆ ಊರಲ್ಲಿ ನಿಲ್ಲೋದಿಲ್ಲ. "ಓನ್ಲಿ ಆನ್ ಸಂಡೇಸ್" ಅಂದರೆ ವಾರದ ಉಳಿದ ದಿನ ಕೈ ತೋರಿಸಿದರೂ ಹಾಗೇ ಹೋಗುತ್ತದೆ. ಈಗ "ದಿ ಬಸ್ ಓನ್ಲಿ ಸ್ಟಾಪ್ಸ್ ಅಟ್ ಹುಮನಾಬಾದ್ ಆನ್ ಸಂಡೇಸ್" ಅಂತ ಬೋರ್ಡ್ ಹಾಕಿ ನೋಡಿ. ಮಿತಿ ಇರೋದು ಊರಿಗಾ, ದಿನಕ್ಕಾ? ಓದುವವನು ತಲೆ ಕೆರೆದುಕೊಳ್ಳಬೇಕು. ಅದಕ್ಕೇ ಹೇಳೋದು, ಯಾವ ಪದಕ್ಕೆ ಮಿತಿಯೋ ಅದರ ಮುಂದೆಯೇ ಓನ್ಲಿ ಇಡಿ ಅಂತ. ಹತ್ತನೇ ಕ್ಲಾಸಿನ ಮಕ್ಕಳಿಗೆ ಇದೇ ಅಭ್ಯಾಸ ಒಳ್ಳೆಯದು.

ಚಿಟಗುಪ್ಪಿ_ಚಹಾ
ಕೈ ತೋರಿಸಿದರೂ ಹಾಗೇ ಹೋಗೋದಕ್ಕೆ ಓನ್ಲಿ ಯಾಕೆ ಬೇಕು ಸರ್? ಸೋಮವಾರವೂ ಹೋಗುತ್ತದೆ, ಮಂಗಳವಾರವೂ ಹೋಗುತ್ತದೆ.

ಭೀಮಾ_ದಂಡೆ (ಯಾದಗಿರಿ)
ಬುರುಜು ಸರ್ ಹೇಳಿದ್ದು ಬೋರ್ಡಿಗೆ ಸರಿ. ಆದರೆ ಅದನ್ನು ಕಾನೂನು ಮಾಡಿ ಮಾರ್ಕ್ಸ್ ಕತ್ತರಿಸೋದು ತಪ್ಪು. ಇಂಗ್ಲಿಷ್‌ನಲ್ಲಿ ಓನ್ಲಿಯ ಸಹಜ ಜಾಗವೇ ಕ್ಯಾನ್, ಕುಡ್, ಮೇ, ವಿಲ್ ಇವುಗಳ ಬೆನ್ನಿಗೆ, ಮುಖ್ಯ ಕ್ರಿಯಾಪದದ ಮುಂದೆ. "ಕ್ಯಾನ್ ಓನ್ಲಿ ಸ್ಟೇ" ಅಂತ ಹೇಳದೇ ಇರುವ ಇಂಗ್ಲಿಷಿನವನನ್ನು ಹುಡುಕಿ ತೋರಿಸಿ.

ಈ ಜಗಳ ಹೊಸದೇನಲ್ಲ. 1762ರಲ್ಲೇ ರಾಬರ್ಟ್ ಲೌತ್ ಅನ್ನುವ ಪಾದ್ರಿ ತನ್ನ ವ್ಯಾಕರಣದಲ್ಲಿ ಬರೆದಿದ್ದಾನೆ. ಜನ "ಐ ಓನ್ಲಿ ಸ್ಪೇಕ್ ತ್ರೀ ವರ್ಡ್ಸ್" ಅನ್ನುತ್ತಾರೆ, "ಐ ಸ್ಪೇಕ್ ಓನ್ಲಿ ತ್ರೀ ವರ್ಡ್ಸ್" ಆಗಬೇಕು ಅಂತ. ಅಂದರೆ ಆಗಲೂ ಜನ ಹಾಗೇ ಮಾತಾಡುತ್ತಿದ್ದರು! 1926ರಲ್ಲಿ ಫೌಲರ್ ಬಂದು ಇದನ್ನು ತಿರುಗಿಸಿದ. "ಹಿ ಓನ್ಲಿ ಡೈಡ್ ಎ ವೀಕ್ ಅಗೋ" ಅನ್ನೋದರಲ್ಲಿ ಯಾರಿಗೂ ಅನುಮಾನ ಬರೋದಿಲ್ಲ, ಸುಮ್ನೆ ತಿದ್ದಲು ಹೋಗಬೇಡಿ ಅನ್ನೋದು ಅವನ ವಾದ. ಅವನೂ ವ್ಯಾಕರಣದವನೇ, ಮತ್ತೆ ಬಹಳ ಕಟ್ಟುನಿಟ್ಟಿನವನು.

ಮಾತಿನಲ್ಲಿ ಗೋಜಲು ಯಾಕೆ ಆಗೋದಿಲ್ಲ ಅಂದರೆ ಒತ್ತು ಇದೆಯಲ್ಲ. "ಐ ಕ್ಯಾನ್ ಓನ್ಲಿ ಲೆಂಡ್ ಯೂ ದಿ ಬೈಕ್ ಟುಡೇ" ಅನ್ನುವಾಗ ಬೈಕ್ ಮೇಲೆ ಒತ್ತು ಹಾಕಿದರೆ ಕಾರು ಕೊಡಲ್ಲ ಅಂತ. ಟುಡೇ ಮೇಲೆ ಹಾಕಿದರೆ ನಾಳೆ ಆಗಲ್ಲ ಅಂತ. ಲೆಂಡ್ ಮೇಲೆ ಹಾಕಿದರೆ ವಾಪಸ್ ತಂದುಕೊಡು ಅಂತ. ಓನ್ಲಿ ಕೂತಲ್ಲೇ ಕೂತಿರುತ್ತದೆ, ಧ್ವನಿ ಮಾತ್ರ ಓಡಾಡುತ್ತದೆ.

ಬೀದರ್_ಬುರುಜು
ಉತ್ತರ ಪತ್ರಿಕೆಯಲ್ಲಿ ಒತ್ತು ಹೇಗೆ ಹಾಕುತ್ತೀರಿ? ಪೆನ್ನು ಒತ್ತಿ ಬರೆಯಬೇಕಾ?

ಭೀಮಾ_ದಂಡೆ
"ಫಾರ್ ಎನ್ ಅವರ್" ಅಂತ ಮುಂದೆ ಇರುವಾಗ ಯಾರಿಗೆ ಗೊಂದಲ ಆಗುತ್ತದೆ, ಹೇಳಿ. ಗೊಂದಲ ಆಗುವ ಕಡೆ ಸರಿಸಿ, ಬೇಡ ಅನ್ನಲ್ಲ.

ದಖನಿ_ದೋಸ್ತ್
ನಮ್ಮ ಕಡೆಯವರಿಗೆ ಇದು ಯಾಕೆ ತೊಡಕು ಅಂತ ನನಗೆ ಅನಿಸಿದ್ದು ಹೇಳುತ್ತೇನೆ. ಕಲಬುರಗಿ, ಬೀದರಿನಲ್ಲಿ ನಾಲ್ಕು ಭಾಷೆ ಒಂದೇ ಕಟ್ಟೆಯ ಮೇಲೆ ಕೂತಿರುತ್ತವೆ. ಕನ್ನಡದಲ್ಲಿ "ನಾನೇ". ತೆಲುಗಿನಲ್ಲಿ "ನೇನೇ". ಮರಾಠಿಯಲ್ಲಿ "ಮೀಚ". ನಮ್ಮ ದಖನಿಯಲ್ಲಿ, ಅಂದರೆ ಈ ಕಡೆಯ ಉರ್ದುವಿನಲ್ಲಿ, "ಅಭೀಚ್" (ಈಗಲೇ), "ಐಸಾಚ್" (ಹೀಗೇ). ದಖನಿಯ ಈ ಚ್ ಮರಾಠಿಯಿಂದಲೇ ಬಂದದ್ದು, ಲಖನೌದವರು ಕೇಳಿದರೆ ನಗುತ್ತಾರೆ. ನಾಲ್ಕರಲ್ಲೂ ಆ ಒತ್ತಿನ ಬಾಲ ಪದದ ಹಿಂದೆ ಅಂಟಿಕೊಳ್ಳುತ್ತದೆ. ಅದಕ್ಕೇ ನಾವು ಇಂಗ್ಲಿಷ್ ಮಾತಾಡುವಾಗಲೂ "ಐ ಆಮ್ ಇನ್ ಸೂಪರ್ ಮಾರ್ಕೆಟ್ ಓನ್ಲಿ" ಅನ್ನೋದು. ಸೂಪರ್ ಮಾರ್ಕೆಟ್‌ನಲ್ಲೇ ಇದ್ದೀನಿ ಮಾರಾಯ ಅಂತ ನಮ್ಮ ಅರ್ಥ. ಇಂಗ್ಲೆಂಡಿನವನಿಗೆ ಅದು ಮಿತಿಯ ಹಾಗೆ ಕೇಳಿಸುತ್ತದೆ. ಬೇರೆಲ್ಲೂ ಇಲ್ಲ, ಅಲ್ಲಿ ಮಾತ್ರ ಅಂತ.

ಕೋಟೆ_ಕಾಗೆ
ಹೈದರಾಬಾದ್ ಆಫೀಸಿನಲ್ಲಿ ನಮ್ಮ ಮ್ಯಾನೇಜರ್ ದಿನಾ "ಟುಡೇ ಓನ್ಲಿ ಐ ಟೋಲ್ಡ್ ಯೂ" ಅನ್ನುತ್ತಾರೆ. ಯಾರಿಗೂ ಅರ್ಥ ಆಗದೇ ಇಲ್ಲ. ಇದನ್ನು ಯಾಕೆ ತಪ್ಪು ಅನ್ನಬೇಕು?

ದಖನಿ_ದೋಸ್ತ್
ತಪ್ಪು ಅಂದೆನಾ? ನಮ್ಮ ನಮ್ಮಲ್ಲಿ ನಡೆಯುತ್ತದೆ. ಹೊರಗಿನವನಿಗೆ ಮೇಲ್ ಹಾಕುವಾಗ ತೆಗೆದುಬಿಡಿ. ಒತ್ತು ಬೇಕಾದರೆ "ಐ ಟೋಲ್ಡ್ ಯೂ ಜಸ್ಟ್ ದಿಸ್ ಮಾರ್ನಿಂಗ್" ಅನ್ನಿ.

ಗಂಜ್_ಗಲ್ಲಾ (ಕಲಬುರಗಿ)
ಮಿಲ್ ಮೇಲ್ ಅಂದಿರಲ್ಲ, ನಮ್ಮ ಗಂಜಿನಲ್ಲೇ (ಕಾಳುಕಡಿಯ ಪೇಟೆ) ಆದದ್ದು ಕೇಳಿ. ಪಕ್ಕದ ಅಡತಿ ಅಂಗಡಿಯಲ್ಲಿ ಹೊಸ ಹುಡುಗ. ಡಿಗ್ರಿ ಆಗಿದೆ, ಚುರುಕು. ಸೋಮವಾರದೊಳಗೆ ಇಪ್ಪತ್ತು ಟನ್ ಬೇಳೆ ಆಗುತ್ತದಾ ಅಂತ ಹೊರದೇಶದ ಪಾರ್ಟಿ ಕೇಳಿದೆ. ಕಷ್ಟಪಟ್ಟಾದರೂ ಕಳಿಸುತ್ತೇವೆ ಅಂತ ಹೇಳಬೇಕು. ಹಾರ್ಡ್ ಅಂದರೆ ಕಷ್ಟ, ಹಾರ್ಡ್ಲಿ ಅಂದರೆ ಕಷ್ಟಪಟ್ಟು ಅಂತ ಲೆಕ್ಕ ಹಾಕಿ, "ವಿ ಕ್ಯಾನ್ ಹಾರ್ಡ್ಲಿ ಸೆಂಡ್ ಟ್ವೆಂಟಿ ಟನ್ಸ್ ಬೈ ಮಂಡೇ" ಅಂತ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು: ನಿಮ್ಮ ತೊಂದರೆ ಅರ್ಥವಾಯಿತು, ಮುಂದಿನ ಸಲ ನೋಡೋಣ. ಆರ್ಡರ್ ಲಾತೂರಿಗೆ ಹೋಯಿತು. ಇಲ್ಲಿ ಲಾರಿಗೆ ತಾಡಪತ್ರಿ ಕಟ್ಟೋದಷ್ಟೇ ಬಾಕಿ ಇತ್ತು!

ಬಿಸಿಲೂರು_ಬಸವ
ಲಾತೂರಿಗೆ ಹೋಯಿತು ಅನ್ನೋದು ಕೇಳಿ ಹೊಟ್ಟೆ ಉರಿಯಿತು. ನಮ್ಮ ಬೇಳೆಯ ರುಚಿ ಅದಕ್ಕೆಲ್ಲಿದೆ? ಸುಮ್ನೆ ಜಿಐ ಟ್ಯಾಗ್ ಕೊಟ್ಟಿದ್ದಾರಾ?

ಭೀಮಾ_ದಂಡೆ
ಗಂಜ್ ಅವರ ಕಥೆ ಪಾಠಕ್ಕೆ ಇಡಬೇಕಾದದ್ದು. ಹಾರ್ಡ್ಲಿಗೂ ಕಷ್ಟಕ್ಕೂ ಈಗ ಸಂಬಂಧ ಉಳಿದಿಲ್ಲ. ಹಾರ್ಡ್ಲಿ ಅಂದರೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದು ವೇಷ ಮರೆಸಿದ ‘ನಾಟ್’. ಗುರುತು ಹಿಡಿಯೋದು ಸುಲಭ. "ಯೂ ಹಾರ್ಡ್ಲಿ ಸ್ಲೆಪ್ಟ್" ಆದ ಮೇಲೆ ಬಾಲ "ಡಿಡ್ ಯೂ?" ಅಂತ ಬರುತ್ತದೆ, "ಡಿಡಂಟ್ ಯೂ?" ಅಂತಲ್ಲ. "ಹಾರ್ಡ್ಲಿ ಎನಿ ವಾಟರ್" ಅನ್ನುತ್ತಾರೆ, "ಹಾರ್ಡ್ಲಿ ಸಮ್ ವಾಟರ್" ಅನ್ನೋದಿಲ್ಲ. ನಾಟ್ ಜೊತೆ ಬರುವ ಬಳಗವೇ ಇದರ ಜೊತೆಗೂ ಬರುತ್ತದೆ. ಅದಕ್ಕೇ "ಕಾಂಟ್ ಹಾರ್ಡ್ಲಿ" ಅಂತ ಬರೆದರೆ ಇಲ್ಲ ಅನ್ನೋದು ಎರಡು ಸಲ ಆಯಿತು. ಅಮೆರಿಕದಲ್ಲಿ ಆಡುಮಾತಿನಲ್ಲಿ ಕೇಳಿಸುತ್ತದೆ, ಬರವಣಿಗೆಯಲ್ಲಿ ಒಪ್ಪೋದಿಲ್ಲ.

ಬೇರ್ಲಿ ಸ್ವಲ್ಪ ಬೇರೆ. ಅದರಲ್ಲಿ ಕೆಲಸ ಆಗಿರುತ್ತದೆ, ಆದರೆ ಕೂದಲೆಳೆಯಲ್ಲಿ. ನೂರಕ್ಕೆ 35 ಪಾಸ್ ಇದ್ದಾಗ 35 ಬಂದವನು "ಐ ಬೇರ್ಲಿ ಪಾಸ್ಡ್" ಅನ್ನಬಹುದು. ಪಾಸಾಗಿದ್ದಾನೆ. "ಹಾರ್ಡ್ಲಿ ಪಾಸ್ಡ್" ಅಂತ ಅಲ್ಲಿ ಯಾರೂ ಹೇಳೋದಿಲ್ಲ. "ಐ ಕ್ಯಾನ್ ಹಾರ್ಡ್ಲಿ ಹಿಯರ್ ಯೂ", "ಐ ಕ್ಯಾನ್ ಬೇರ್ಲಿ ಹಿಯರ್ ಯೂ" ಎರಡೂ ನಡೆಯುತ್ತವೆ. ಸ್ಕೇರ್ಸ್ಲಿ ಅನ್ನೋದು ಇದೇ ಮನೆಯದು, ಈಗ ಪುಸ್ತಕದಲ್ಲೇ ಜಾಸ್ತಿ.

ಆ ಹುಡುಗ ಬರೆಯಬೇಕಾಗಿದ್ದು "ವಿ ಕ್ಯಾನ್ ಜಸ್ಟ್ ಅಬೌಟ್ ಮ್ಯಾನೇಜ್ ಟ್ವೆಂಟಿ ಟನ್ಸ್ ಬೈ ಮಂಡೇ". ಅದರಲ್ಲಿ ಕಷ್ಟವೂ ಇದೆ, ಆಗುತ್ತದೆ ಅನ್ನುವ ಭರವಸೆಯೂ ಇದೆ. ಇಪ್ಪತ್ತರ ಮೇಲೆ ಒಂದು ಕಾಳೂ ಆಗಲ್ಲ ಅನ್ನಬೇಕಾದರೆ "ವಿ ಕ್ಯಾನ್ ಓನ್ಲಿ ಸೆಂಡ್ ಟ್ವೆಂಟಿ". ಇನ್ನೂ ಗಟ್ಟಿ ಬೇಕಾದರೆ "ಟ್ವೆಂಟಿ ಟನ್ಸ್ ಅಟ್ ದಿ ಮೋಸ್ಟ್".

ಸಂದರ್ಶನ_ಸಂತ್ರಸ್ತ
ನನ್ನ ಗೆಳೆಯ ಇಂಟರ್‌ವ್ಯೂನಲ್ಲಿ "ಸರ್, ಐ ಹ್ಯಾವ್ ಹಾರ್ಡ್ಲಿ ವರ್ಕ್ಡ್ ಇನ್ ಮೈ ಲಾಸ್ಟ್ ಕಂಪನಿ" ಅಂದ. ಕೂತಿದ್ದವರು ಪ್ರಾಮಾಣಿಕ ಹುಡುಗ ಅಂತ ತಗೊಂಡುಬಿಟ್ಟರು.

ಚಿಟಗುಪ್ಪಿ_ಚಹಾ
ಸುಳ್ಳು.

ಸಂದರ್ಶನ_ಸಂತ್ರಸ್ತ
ತಗೊಂಡದ್ದು ಸುಳ್ಳು. ಅಂದದ್ದು ಖರೇ.

ಮಾತ್ರೆ_ಡಬ್ಬಿ (ಸೇಡಂ)
ಮೆಡಿಕಲ್ ಅಂಗಡಿ ನಡೆಸುತ್ತೇನೆ. ನಮಗೆ ಈ ಓನ್ಲಿ ವಿಷಯ ತಮಾಷೆ ಅಲ್ಲ. ಎರಡು ವಾಕ್ಯ ನೋಡಿ.

"ಯೂ ಮಸ್ಟ್ ಓನ್ಲಿ ಟೇಕ್ ಒನ್ ಟ್ಯಾಬ್ಲೆಟ್." ಒಂದರ ಮೇಲೆ ತಗೊಳ್ಳಲೇಬಾರದು. ಇದು ಮೇಲಿನ ಗೆರೆ.

"ಯೂ ಓನ್ಲಿ ಹ್ಯಾವ್ ಟು ಟೇಕ್ ಒನ್ ಟ್ಯಾಬ್ಲೆಟ್." ಒಂದು ತಗೊಂಡರೆ ಸಾಕು. ಎರಡನೇದು ತಗೋಬಾರದು ಅಂತ ಇದರಲ್ಲಿ ಎಲ್ಲೂ ಹೇಳಿಲ್ಲ. "ಯೂ ನೀಡ್ ಓನ್ಲಿ ಟೇಕ್ ಒನ್" ಅಂದರೂ ಇದೇ.

ಓನ್ಲಿಯೂ ಅದೇ, ಒಂದೂ ಅದೇ. ಜೊತೆಗಿರುವ ಮಸ್ಟ್, ಹ್ಯಾವ್ ಟು ಬದಲಾದ ಕೂಡಲೇ ಬೇಡಿಯೊಂದು ರಿಯಾಯಿತಿ ಆಗಿಬಿಡುತ್ತದೆ. ನಾವಾದರೆ "ಒಂದೇ ತಗೋಬೇಕು", "ಒಂದು ತಗೊಂಡರೆ ಸಾಕು" ಅಂತ ಕ್ರಿಯಾಪದವನ್ನೇ ಬದಲಿಸುತ್ತೇವೆ, ಹಾಗಾಗಿ ಅಜ್ಜಿಗೂ ಗೊತ್ತಾಗುತ್ತದೆ. ಅಂಗಡಿಯಲ್ಲಿ ನನ್ನ ಗೋಳು ಬೇರೆ: "ಒಂದು ಮಾತ್ರೆ ಮಾತ್ರ" ಅಂದರೆ "ಎರಡು ಮಾತ್ರೆ ಅಂದ್ರಾ?" ಅಂತ ಕೇಳುತ್ತಾರೆ.

ಕೋಟೆ_ಕಾಗೆ
ಹಾಗಾದರೆ ಇಂಗ್ಲೆಂಡಿನಲ್ಲಿ ಮಾತ್ರೆ ಡಬ್ಬಿಯ ಮೇಲೆ ಮಸ್ಟ್ ಓನ್ಲಿ ಅಂತ ಬರೆಯುತ್ತಾರಾ?

ಮಾತ್ರೆ_ಡಬ್ಬಿ
ಇಲ್ಲ. ಅಲ್ಲೇ ಇರೋದು ಮಜಾ. ಅಲ್ಲಿ ದೊಡ್ಡವರ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಡಬ್ಬಿಯ ಮೇಲೆ 24 ಗಂಟೆಯಲ್ಲಿ 8ಕ್ಕಿಂತ ಜಾಸ್ತಿ ತಗೋಬೇಡಿ ಅಂತಿರುತ್ತದೆ, "ಡು ನಾಟ್ ಟೇಕ್ ಮೋರ್ ದ್ಯಾನ್". ಓನ್ಲಿ ಇಲ್ಲ, ಹಾರ್ಡ್ಲಿ ಇಲ್ಲ. ಜೀವದ ಪ್ರಶ್ನೆ ಬಂದಾಗ ಅವರೂ ಓನ್ಲಿಯನ್ನು ನಂಬೋದಿಲ್ಲ.

ಬೀದರ್_ಬುರುಜು
ಇದು ನನ್ನ ವಾದಕ್ಕೇ ಬಲ ಕೊಟ್ಟಿತು. ಓನ್ಲಿ ಜಾರುವ ಪದ, ಅದಕ್ಕೇ ಮಕ್ಕಳಿಗೆ ಬಿಗಿ ರೂಲ್.

ಭೀಮಾ_ದಂಡೆ
ಬಿಗಿ ರೂಲ್ ಮುರಿಯುವ ಜಾಗ ತೋರಿಸುತ್ತೇನೆ ಸರ್. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿತ್ತಲ್ಲ. ದಂಡೆಯ ಹೊಲಗಳಲ್ಲಿ ತೊಗರಿ, ಹತ್ತಿ ನೀರಲ್ಲಿ ನಿಂತಿತ್ತು. ಜನ ದಿಬ್ಬದ ಮೇಲೆ ನಿಂತು ನೋಡೋದು ಬಿಟ್ಟು ಏನು ಮಾಡೋಕೂ ಆಗುತ್ತಿರಲಿಲ್ಲ. ಅದನ್ನು ಇಂಗ್ಲಿಷ್‌ನಲ್ಲಿ "ವಿ ಕುಡ್ ಓನ್ಲಿ ಸ್ಟ್ಯಾಂಡ್ ಆಂಡ್ ವಾಚ್" ಅನ್ನುತ್ತಾರೆ. ಇಲ್ಲಿ ಓನ್ಲಿ ಹಿಡಿದಿರೋದು ಕ್ರಿಯಾಪದವನ್ನೇ. ಇದನ್ನು ಎಲ್ಲಿಗೆ ಸರಿಸುತ್ತೀರಿ? ಮುಂದೆ ಜಾಗವೇ ಇಲ್ಲ. ಇದು ಲೆಕ್ಕದ ಮಿತಿ ಅಲ್ಲ, ಕೈಲಾಗದ ಮಿತಿ. ಕ್ರಿಕೆಟ್ ಕಾಮೆಂಟ್ರಿಯಲ್ಲಿ ಸಿಕ್ಸರ್ ಹೋದಾಗ ಬೌಂಡರಿಯವನು "ಕ್ಯಾನ್ ಓನ್ಲಿ ವಾಚ್" ಅನ್ನೋದೂ ಇದೇ. "ವಿ ಕ್ಯಾನ್ ಓನ್ಲಿ ಹೋಪ್" ಕೂಡ.

ಬೀದರ್_ಬುರುಜು
ಇದು ಒಪ್ಪಿದೆ. ಆದರೆ ಆ ಹುಡುಗಿಯ ವಾಕ್ಯ ಲೆಕ್ಕದ ಮಿತಿ.

ಭೀಮಾ_ದಂಡೆ
ಆ ಹುಡುಗಿಯ ವಾಕ್ಯ ಎರಡು ಜಾಗದಲ್ಲೂ ಸರಿ. ಅದೇ ನನ್ನ ತಕರಾರು. ತಿದ್ದಿ, ಬಾಣ ಎಳೆಯಿರಿ, ಮಾರ್ಕ್ಸ್ ಮುಟ್ಟಬೇಡಿ.

ರೋಜಾ_ರೊಟ್ಟಿ (ಕಲಬುರಗಿ)
ಕ್ಯಾನ್ ಓನ್ಲಿಗೆ ಇನ್ನೊಂದು ಮುಖವೂ ಇದೆ. "ದಿಸ್ ಕ್ಯಾನ್ ಓನ್ಲಿ ಬಿ ಮೈ ಬ್ರದರ್ಸ್ ಬೈಕ್" ಅಂದರೆ ಮಿತಿ ಅಲ್ಲ, ಖಾತ್ರಿ. ಬೇರೆ ಯಾರದ್ದೂ ಆಗಿರಲು ಸಾಧ್ಯವಿಲ್ಲ ಅಂತ. ಬೆಳಗ್ಗೆ ಓಣಿಯಲ್ಲಿ ವಾಸನೆ ಬಂದರೆ ನಾನು ಹೇಳೋದು "ದಿಸ್ ಕ್ಯಾನ್ ಓನ್ಲಿ ಬಿ ತಹರಿ".

ಬಿಸಿಲೂರು_ಬಸವ
ಬೆಳಗ್ಗೆ ಬೆಳಗ್ಗೆ ತಹರಿ ಅಂದು ಹಸಿವು ಮಾಡಿದಿರಿ. ಸ್ಟೇಷನ್ ಕಡೆ ಎಲ್ಲಿ ಚೆನ್ನಾಗಿ ಸಿಗುತ್ತದೆ?

ಚಿಟಗುಪ್ಪಿ_ಚಹಾ
ಸುಸಲಾ ಮಿರ್ಚಿ ಬಿಟ್ಟು ಬೆಳಗ್ಗೆ ತಹರಿ ತಿನ್ನುವವರ ಜೊತೆ ನನಗೆ ಮಾತಿಲ್ಲ.

ದಖನಿ_ದೋಸ್ತ್
ತಹರಿಚ್ ಖಾನಾ.

ಪಿಯುಸಿ_ಪರದಾಟ (ಶಹಾಪುರ)
ನಡುವೆ ಬಂದೆ, ಕ್ಷಮಿಸಿ. ನಮ್ಮ ಗೈಡ್‌ನಲ್ಲಿ "ಓನ್ಲಿ ಆಫ್ಟರ್ ದಿ ರೇನ್ ಸ್ಟಾಪ್ಡ್ ಡಿಡ್ ದಿ ಬಸ್ ಕಮ್" ಅಂತಿದೆ. ಮಧ್ಯದಲ್ಲಿ ಈ ಡಿಡ್ ಎಲ್ಲಿಂದ ಬಂತು? ಪ್ರಿಂಟ್ ತಪ್ಪಾ?

ರೋಜಾ_ರೊಟ್ಟಿ
ತಪ್ಪಲ್ಲ. ಓನ್ಲಿ ಸೇರಿದ ಕಾಲದ, ಜಾಗದ ಮಾತು ವಾಕ್ಯದ ತಲೆಗೆ ಬಂದರೆ ಸಹಾಯಕ ಕ್ರಿಯಾಪದ ಕರ್ತೃವಿನ ಮುಂದೆ ಹಾರುತ್ತದೆ, ಪ್ರಶ್ನೆ ಕೇಳುವಾಗ ಆಗುವ ಹಾಗೆ. "ಓನ್ಲಿ ಆನ್ ಸಂಡೇಸ್ ಕ್ಯಾನ್ ಯೂ ಸೀ ಹಿಮ್." ಹಾರ್ಡ್ಲಿ ತಲೆಗೆ ಬಂದರೂ ಹೀಗೇ. "ಹಾರ್ಡ್ಲಿ ಹ್ಯಾಡ್ ಐ ಸ್ಯಾಟ್ ಡೌನ್ ವೆನ್ ದಿ ಕರೆಂಟ್ ವೆಂಟ್" ಅನ್ನೋದು ನಮ್ಮ ಏಪ್ರಿಲ್ ತಿಂಗಳಿಗೆ ಬರೋಬ್ಬರಿ. ಹಾರ್ಡ್ಲಿಗೆ ಜೋಡಿ ವೆನ್, ನೋ ಸೂನರ್‌ಗೆ ಜೋಡಿ ದ್ಯಾನ್. ಪರೀಕ್ಷೆಯಲ್ಲಿ ಈ ಜೋಡಿಯನ್ನೇ ಅದಲು ಬದಲು ಮಾಡಿ ಕೊಡುತ್ತಾರೆ, ನೋಡಿಕೋ. ಒಂದು ಹುಷಾರು: "ಓನ್ಲಿ ಮೈ ಅಂಕಲ್ ಕೇಮ್" ಅನ್ನುವಾಗ ಏನೂ ಹಾರೋದಿಲ್ಲ. ಅಲ್ಲಿ ಓನ್ಲಿ ಕರ್ತೃವಿನ ಜೊತೆಗೇ ಇದೆ.

ಪಿಯುಸಿ_ಪರದಾಟ
ಥ್ಯಾಂಕ್ಸ್ ಅಕ್ಕಾ. ಕ್ಲಾಸಲ್ಲಿ ಇಷ್ಟು ಬಿಡಿಸಿ ಹೇಳಲ್ಲ. ಇನ್ನೊಂದು, "ಕ್ಯಾಂಡಿಡೇಟ್ಸ್ ಮೇ ನಾಟ್ ಲೀವ್ ದಿ ಹಾಲ್" ಅಂದರೆ ಬಿಡದೇ ಇರಬಹುದು ಅಂತನಾ, ಬಿಡಬಾರದು ಅಂತನಾ?

ಭೀಮಾ_ದಂಡೆ
ಹಾಲ್ ಗೋಡೆಯ ಮೇಲಿದ್ದರೆ ಬಿಡಬಾರದು. ನಿಮ್ಮ ಅಮ್ಮ ಫೋನಲ್ಲಿ ಹೇಳಿದರೆ ಬಿಡದೇ ಇರಬಹುದು. ಮೇ ನಾಟ್‌ಗೆ ಎರಡು ಅರ್ಥವೂ ಇದೆ, ಜಾಗ ನೋಡಿ ತಿಳಿಯಬೇಕು. "ಮೇ ಓನ್ಲಿ" ಬಂದರೆ ಸಾಮಾನ್ಯವಾಗಿ ಅನುಮತಿಯ ಮಾತೇ. "ಮೆಂಬರ್ಸ್ ಮೇ ಓನ್ಲಿ ಬಾರೋ ಟು ಬುಕ್ಸ್" ಅಂದರೆ ಎರಡರ ಮೇಲೆ ಪುಸ್ತಕ ಕೊಡಲ್ಲ.

ತೊಗರಿ_ಕಣಜ
ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರಿಗೆ ಡೈರಿಯಲ್ಲಿ ಒಂದು ಚೀಟಿ ಬರೆದು ಕಳಿಸೋಣ ಅಂತಿದ್ದೇನೆ. ಜಗಳದ ಹಾಗೆ ಕಾಣಬಾರದು. ಹೇಗೆ ಶುರು ಮಾಡಲಿ?

ರೋಜಾ_ರೊಟ್ಟಿ
"ಐ ವಾಸ್ ಜಸ್ಟ್ ವಂಡರಿಂಗ್ ಇಫ್ ಬೋತ್ ಕುಡ್ ಬಿ ಅಕ್ಸೆಪ್ಟೆಡ್." ಈ ಜಸ್ಟ್ ಕೂಡ ಮಿತಿ ಹೇಳುವ ಪದವೇ, ಆದರೆ ಇಲ್ಲಿ ಅದು ಮಾತಿನ ತೂಕ ಇಳಿಸುತ್ತದೆ. ದೊಡ್ಡದೇನಲ್ಲ, ಸುಮ್ನೆ ಕೇಳಿದೆ ಅಂತ. "ಐ ಆಮ್ ಓನ್ಲಿ ಆಸ್ಕಿಂಗ್" ಅಂತ ಮಾತ್ರ ಬರೆಯಬೇಡಿ. ಅದರಲ್ಲಿ ಸಿಟ್ಟು ಕೇಳಿಸುತ್ತದೆ, ಕೇಳಿದ್ದೇ ತಪ್ಪಾಯಿತಾ ಅನ್ನುವ ಹಾಗೆ.

ಬೀದರ್_ಬುರುಜು
ಚೀಟಿ ಬೇಡ. ಡೈರಿಯಲ್ಲಿ ಇಂಗ್ಲಿಷ್ ವ್ಯಾಕರಣದ ಚೀಟಿ ಬಂದರೆ ನಾನಾದರೂ ಮೊದಲು ಅದರಲ್ಲೇ ತಪ್ಪು ಹುಡುಕುತ್ತೇನೆ. ಶನಿವಾರ ಸ್ಕೂಲ್ ಬಿಡುವ ಹೊತ್ತಿಗೆ ಹೋಗಿ ಕನ್ನಡದಲ್ಲೇ ಮಾತಾಡಿ. ನನ್ನ ಕ್ಲಾಸಾಗಿದ್ದರೆ ತಿದ್ದುತ್ತಿದ್ದೆ, ಅರ್ಧ ಮಾರ್ಕ್ಸ್ ಕೊಡುತ್ತಿದ್ದೆ.

ಭೀಮಾ_ದಂಡೆ
ಅರ್ಧಕ್ಕೆ ಇಳಿದಿರಿ. ಇನ್ನೊಂದು ದಿನ ಚರ್ಚೆ ನಡೆದರೆ ಪೂರ್ತಿ ಬರುತ್ತದೆ.

ಗಂಜ್_ಗಲ್ಲಾ
ಚರ್ಚೆ ಮುಗಿಯುವ ಮೊದಲು ನನ್ನದೊಂದು. ದುಬೈ ಪಾರ್ಟಿಗೆ ಸ್ಯಾಂಪಲ್ ನೋಡುತ್ತೀರಾ ಅಂತ ಕೇಳಿದ್ದೆ. "ವಿ ವುಡ್ ಬಿ ಓನ್ಲಿ ಟೂ ಹ್ಯಾಪಿ" ಅಂತ ಉತ್ತರ ಬಂದಿದೆ. ಖುಷಿ ಇಷ್ಟೇ, ಜಾಸ್ತಿ ಇಲ್ಲ ಅಂತನಾ? ರೇಟಿಗೆ ಏನಾದರೂ ಬೇಸರವಾ?

ರೋಜಾ_ರೊಟ್ಟಿ
ಅಯ್ಯೋ, ಉಲ್ಟಾ. ಓನ್ಲಿ ಟೂ ಅಂದರೆ ಬಹಳ ಅಂತ. ಮನಸಾರೆ ಒಪ್ಪಿದ್ದಾರೆ.

ದಖನಿ_ದೋಸ್ತ್
"ಐ ನೋ ಓನ್ಲಿ ಟೂ ವೆಲ್" ಅಂದಾಗ ಮಾತ್ರ ಕಹಿ ಇರುತ್ತದೆ. ಅನುಭವಿಸಿ ಗೊತ್ತಾಗಿದೆ ಅಂತ. ಹ್ಯಾಪಿ ಜೊತೆ ಇದ್ದರೆ ಹೆದರಬೇಡಿ.

ಗಂಜ್_ಗಲ್ಲಾ
ಹಾಗಾದರೆ ಇವತ್ತೇ ಸ್ಯಾಂಪಲ್ ಪ್ಯಾಕ್ ಮಾಡಿಸುತ್ತೇನೆ. ಈ ಸಲ ಮೇಲ್ ನಾನೇ ಬರೆಯುತ್ತೇನೆ, ಹುಡುಗ ಟೈಪ್ ಮಾಡಲಿ.